ಸ್ಥಳದಲ್ಲೇ ನೋಡಿ ಬರೆದದ್ದು

ಮೊಟ್ಟೆಯ ತುದಿಯನ್ನು ಚಮಚದಿಂದ ತಟ್ಟಿದ ಕೂಡಲೇ ಆಂಬ್ರೋಸ್ ಕೀಬಲ್‌ನಿಗೆ ಭಾನುವಾರ ತಾನು ಹೇಳಿದ 'ಹ್ಞೂಂ' ಮತ್ತೆ ಕೇಳಿಸಿತು. ಅದು ಮಾತು ಕೂಡ ಅಲ್ಲ. ಗಂಟಲಿನಲ್ಲಿ ಹುಟ್ಟಿ ಮೂಗಿನಲ್ಲಿ ಮುಗಿಯುವ ಒಂದು ಸದ್ದು. ಚರ್ಚಿನ ಬಾಗಿಲಲ್ಲಿ ಟ್ಯಾಬಿತಾ ಗರ್ಲಿಂಗ್ ಅವನ ಕೋಟಿನ ತೋಳು ಹಿಡಿದು, ಸುತ್ತ ನಿಂತವರಿಗೆಲ್ಲ ಕೇಳಲೆಂದೇ ಗಟ್ಟಿಯಾಗಿ, "ನಮ್ಮನೆ ಎಷ್ಟು ಹಳೇದು ಅಂತ ಇವ್ರನ್ನ ಕೇಳಿ. ಈ ಸಾಹೇಬ್ರು ಗೋಮಾಳದಲ್ಲಿ ಕೂತು ಚಿತ್ರ ಬರೆದು ಇಪ್ಪತ್ತು ವರ್ಷದ ಮೇಲೆ ಎರಡು ತಿಂಗಳಾಯ್ತು. ಬರೆಯೋದನ್ನ ನಾನೇ ನಿಂತು ನೋಡಿದೀನಿ. ಅದ್ರಲ್ಲಿ ನಮ್ಮನೆ ಇರತ್ತೆ, ಅಲ್ವಾ ಸಾಹೇಬ್ರೇ?" ಎಂದಿದ್ದಳು. ಬಿಸಿಲು ನೇರವಾಗಿ ಅವನ ಕಣ್ಣಿಗೆ ಬೀಳುತ್ತಿತ್ತು. ಅವಳ ಹಿಂದೆ ಗೋಮಾಳದ ಅಂಚಿನ ಆರೇಳು ಮನೆಯವರು ಅವನ ಬಾಯನ್ನೇ ನೋಡುತ್ತಿದ್ದರು. ಅವನು "ಹ್ಞೂಂ" ಎಂದಿದ್ದ. ಚಿತ್ರದಲ್ಲಿ ಆ ಮನೆ ಇರಲಿಲ್ಲ.

"ತಿನ್ನು. ಎಷ್ಟು ದಿಟ್ಟಿಸಿದ್ರೂ ಅದ್ರಿಂದ ಮರಿ ಬರಲ್ಲ, ಬೆಂದುಹೋಗಿದೆ," ಎಂದಳು ಎದುರಿಗೆ ಕುಳಿತಿದ್ದ ಅಕ್ಕ ಡೋರ್ಕಸ್. ಮದುವೆಯಾಗದೆ ಉಳಿದ ಇಬ್ಬರೂ ಮೂವತ್ತು ವರ್ಷದಿಂದ ಒಂದೇ ಮೇಜಿನ ಎರಡು ತುದಿಯಲ್ಲಿ ಕುಳಿತು ತಿನ್ನುತ್ತಿದ್ದರು. ಅವನು ಬ್ರೆಡ್ಡಿನ ಅಂಚನ್ನು ಮುರಿದು ಮೊಟ್ಟೆಯ ಹಳದಿಯಲ್ಲಿ ಅದ್ದಿದ. ಬಾಯಿಗೆ ಇಡಲಿಲ್ಲ.

"ಹನ್ನೊಂದಕ್ಕಲ್ವಾ ವಿಚಾರಣೆ?" ಎಂದಳು ಅವಳು.

"ಹನ್ನೊಂದಕ್ಕೆ."

"ಏನ್ ಹೇಳ್ತೀಯ?"

"ಏನ್ ಕೇಳ್ತಾರೋ ಅದನ್ನ ಹೇಳ್ತೀನಿ."

"ನನ್ನ ಹತ್ರ ನಾಟಕ ಬೇಡ, ಆಂಬ್ರೋಸ್. ಆ ಮೂರು ಎಲ್ಮ್ ಮರ ಬ್ರಾಂಟ್ಲಿ ಊರಿನವು, ಅಲ್ಲಿನ ಚರ್ಚಿನ ಹಿಂದಿನವು ಅಂತ ನೀನು ಚಿತ್ರ ತಂದು ತೋರಿಸಿದ ದಿನಾನೇ ಹೇಳಿದ್ದೆ. ನಗಾಡಿದೆ ನೀನು." ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಈಗ ನಗು ನೋಡೋಣ. ಹಾಂ, ಇನ್ನೊಂದು ನೆನಪಿಟ್ಕೋ: ನಾವು ಕೂತಿರೋ ಈ ಮನೆನೂ ಹಾಲ್‌ನವರದ್ದೇ."

ಹಾಲ್ ಎಂದರೆ ಊರಿನ ಜಮೀನುದಾರ ಸರ್ ಲಯನೆಲ್ ಅವರ ಬಂಗಲೆ. ವಿನ್‌ಫೋಲ್ಡ್ ಹಳ್ಳಿಯ ಹೊಲಗಳಲ್ಲಿ ಮುಕ್ಕಾಲು ಪಾಲು ಹಾಲ್‌ಗೆ ಸೇರಿದ್ದು, ಉಳಿದಿದ್ದದ್ದು ಗೋಮಾಳವೊಂದೇ. ಈಗ ಅದನ್ನೂ ಅಳೆದು, ಹಂಚಿ, ಬೇಲಿ ಹಾಕುವ ಕಾನೂನು ಬಂದಿತ್ತು. ಗೋಮಾಳದಲ್ಲಿ ಗುಡಿಸಲು ಕಟ್ಟಿಕೊಂಡವರು ಇಪ್ಪತ್ತು ವರ್ಷಕ್ಕೂ ಹಿಂದೆ ಕಟ್ಟಿದ್ದಾಗಿ ರುಜುವಾತು ಕೊಟ್ಟರೆ ಮನೆ ಅವರಿಗೆ; ಇಲ್ಲದಿದ್ದರೆ ನೆಲದ ಜೊತೆ ಮನೆಯೂ ಹೋಯಿತು. ಟ್ಯಾಬಿತಾಳ ಗಂಡ ಜೋಬ್ ಆ ಮನೆ ಕಟ್ಟಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಅವನು ಸತ್ತಿದ್ದ. ಅವನ ಜೊತೆ ಗೋಡೆ ಎತ್ತಿದವನೂ ಸತ್ತಿದ್ದ. ನೆರೆಯವರು ತಾವೂ ಅಂಥದೇ ಮನೆಗಳಲ್ಲಿ ಇದ್ದವರಾದ್ದರಿಂದ ಅವರ ಮಾತಿಗೆ ತೂಕವಿರಲಿಲ್ಲ. ಉಳಿದಿದ್ದದ್ದು ಒಂದು ಚಿತ್ರ. ಅದನ್ನು ಸಾಕ್ಷಿಯಾಗಿ ತರಿಸಬೇಕೆಂದು ಹಟ ಹಿಡಿದವಳು ಟ್ಯಾಬಿತಾಳೇ. ಅದು ಹಾಲ್‌ನ ಊಟದ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ತೂಗುತ್ತಿತ್ತು. ಅವಳು ಆ ಕೋಣೆಯ ಒಳಗೆ ಕಾಲಿಟ್ಟವಳಲ್ಲ.

ಕೋಟು ಹಾಕಿಕೊಳ್ಳುವಾಗ ಅವನ ಎಡಗೈ ತೋಳಿನೊಳಗೆ ಸಿಕ್ಕಿಕೊಂಡಿತು. ಡೋರ್ಕಸ್ ಎದ್ದು ಬಂದು ಎಳೆದು ಸರಿಮಾಡಿದಳು, ಮಗುವಿಗೆ ಮಾಡುವ ಹಾಗೆ. ಹೊರಗೆ ಅಕ್ಟೋಬರಿನ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಮಂಜು ದೂರದ ವಸ್ತುಗಳನ್ನು ಮೊದಲು ಅಳಿಸುತ್ತದೆ, ಹತ್ತಿರದವನ್ನು ಆಮೇಲೆ. ಅದನ್ನು ನೋಡಿಯೇ ಅಲ್ಲವೇ ತಾನು ದೂರದ ಬೆಟ್ಟಕ್ಕೆ ನೀರು ಹೆಚ್ಚು, ಮಸಿ ಕಡಿಮೆ ಮಾಡಲು ಕಲಿತದ್ದು. ಕಟ್ಟಿಗೆಯ ಮಸಿಯನ್ನು ಅರೆದು ಮಾಡಿದ ಆ ಕಂದು ಬಣ್ಣ ಕಾಗದಕ್ಕೆ ಹೋಗುವಾಗ ಒಂದು ಛಾಯೆ, ಒಣಗಿದಾಗ ಇನ್ನೊಂದು. ಆ ವ್ಯತ್ಯಾಸ ಎಷ್ಟೆಂದು ತಿಳಿಯಲು ಏಳು ವರ್ಷ ಹಿಡಿದಿತ್ತು. ಆ ಆಗಸ್ಟಿನ ಮಧ್ಯಾಹ್ನ ಅವನು ಕಾಲುಮಣೆ ಹಾಕಿ ಕುಳಿತಾಗ ಎಲ್ಲವೂ ತಾನಾಗಿಯೇ ಕೂಡಿಬಂದಿತ್ತು: ಎಡಕ್ಕೆ ಹಳ್ಳದ ವಿಲೋ ಮರ, ಮುಂದೆ ನೆರಳಿನಲ್ಲಿ ಮಲಗಿದ ಕುರಿಗಳು, ಹಿಂದೆ ಚರ್ಚಿನ ಗೋಪುರ. ನಟ್ಟನಡುವೆ ಮಾತ್ರ, ಕಣ್ಣು ಕುರಿಗಳಿಂದ ಗೋಪುರಕ್ಕೆ ಹೋಗುವ ದಾರಿಯಲ್ಲಿ, ಆ ಮನೆ. ಹೊಸ ಹುಲ್ಲು ಹೊದಿಸಿದ ಸೂರು ಹಸಿ ಹಳದಿ. ಪಕ್ಕಕ್ಕೆ ಓರೆಯಾಗಿ ನಿಂತ ಹಂದಿಗೂಡು. ಹಗ್ಗದ ಮೇಲೆ ಒಗೆದ ಬಟ್ಟೆ. ಅವನು ಮೊದಲು ಬಟ್ಟೆಯನ್ನು ಬಿಟ್ಟ, ಆಮೇಲೆ ಹಂದಿಗೂಡನ್ನು. ಆಮೇಲೆ ಸೂರಿನ ಹೊಳಪನ್ನು ತಗ್ಗಿಸಿ ನೋಡಿದ. ಏನು ಮಾಡಿದರೂ ಅದು ಬಾಯಿ ತೆರೆದು ಮಾತಾಡುತ್ತಿತ್ತು. ಹಿಂದಿನ ವರ್ಷದ ಟಿಪ್ಪಣಿ ಪುಸ್ತಕದಲ್ಲಿ ಬ್ರಾಂಟ್ಲಿಯ ಎಲ್ಮ್ ಮರಗಳಿದ್ದವು. ಹನ್ನೊಂದು ಮೈಲಿ ದೂರದವು. ಹತ್ತು ನಿಮಿಷದ ಕೆಲಸ. ಮರಗಳು ಬಂದು ನಿಂತ ಕೂಡಲೇ ಇಡೀ ಬಯಲು ಉಸಿರು ಬಿಟ್ಟ ಹಾಗಾಯಿತು. ತನ್ನ ಕೈಯ ಬಗ್ಗೆ ಅಷ್ಟು ಸುಖ ಅವನಿಗೆ ಮತ್ತೆಂದೂ ಆಗಿರಲಿಲ್ಲ. ಆ ಸುಖದಲ್ಲೇ ಕೆಳಗೆ ಮೂಲೆಯಲ್ಲಿ ತಾರೀಖು ಹಾಕಿ, 'ಸ್ಥಳದಲ್ಲೇ ನೋಡಿ ಬರೆದದ್ದು' ಎಂದು ಸೇರಿಸಿದ್ದ.

ಸೊಂಟದ ಮೇಲೆ ಮಗು ಇಟ್ಟುಕೊಂಡು ಟ್ಯಾಬಿತಾ ಹಿಂದೆ ಬಂದು ನಿಂತದ್ದು ಅದಕ್ಕೂ ಮೊದಲು, ಅವನಿನ್ನೂ ಕುರಿಗಳ ಬೆನ್ನು ಬರೆಯುತ್ತಿದ್ದಾಗ. "ನಮ್ಮನೆನೂ ಬರತ್ತಾ ಸಾಹೇಬ್ರೇ?" ಎಂದು ಕೇಳಿದ್ದಳು. ಅವನು ತಲೆಯೆತ್ತದೆ, "ಎಲ್ಲಾ ಬರತ್ತೆ," ಎಂದಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಆಗ ಅವನಿಗೇ ಗೊತ್ತಿರಲಿಲ್ಲ. ಇದೊಂದನ್ನು ಅವನು ಈ ಮೂರು ದಿನದಲ್ಲಿ ತನ್ನ ಪರವಾಗಿ ಹಲವು ಸಲ ಹೇಳಿಕೊಂಡಿದ್ದ. ಹೇಳಿಕೊಂಡಷ್ಟೂ ಅದು ತೆಳ್ಳಗಾಗುತ್ತಿತ್ತು.

ಪಾನಶಾಲೆಯ ಮಹಡಿ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ, ನಿನ್ನೆಯ ಬಿಯರಿನ ವಾಸನೆ. ಲಂಡನ್ನಿಂದ ಬಂದ ಅಧಿಕಾರಿ ಕಿಟಕಿಗೆ ಬೆನ್ನುಮಾಡಿ ಕುಳಿತಿದ್ದರು. ಸಣ್ಣ ಮೈಕಟ್ಟಿನ, ಸೌಜನ್ಯದ ಮನುಷ್ಯ. ನೆಗಡಿಯಾಗಿತ್ತು, ಪ್ರತಿ ಸಲ ಮೂಗು ಒರೆಸಿಕೊಂಡಾಗಲೂ ಕ್ಷಮೆ ಕೇಳುತ್ತಿದ್ದರು. ಮೇಜಿನ ಪಕ್ಕದಲ್ಲಿ ಹಾಲ್‌ನ ಮೇನೇಜರ್ ಕ್ರಿಸ್ಪ್, ಇನ್ನೂ ಮೂವತ್ತು ತುಂಬದವನು, ಹಸಿರು ಬಟ್ಟೆ ಸುತ್ತಿದ ಚೌಕಟ್ಟನ್ನು ಮೊಣಕಾಲಿಗೆ ಆನಿಸಿಕೊಂಡಿದ್ದ. ಕೀಬಲ್‌ನನ್ನು ಕಂಡು ಎದ್ದು ಕುರ್ಚಿ ಎಳೆದುಕೊಟ್ಟ. ಗೋಮಾಳದವರು ಗೋಡೆಯ ಉದ್ದಕ್ಕೂ ನಿಂತೇ ಇದ್ದರು. ಕೂರುವುದೋ ಬೇಡವೋ ಎಂದು ಯೋಚಿಸುತ್ತಲೇ ಅವನು ಕುಳಿತುಬಿಟ್ಟಿದ್ದ. ಟ್ಯಾಬಿತಾ ಭಾನುವಾರದ ಟೋಪಿ ಕಟ್ಟಿಕೊಂಡು ಬಂದಿದ್ದಳು. ಪಕ್ಕದಲ್ಲಿ ಮಗ ಈನಕ್, ಅಂದು ಸೊಂಟದ ಮೇಲಿದ್ದವನು, ಈಗ ಬಾಗಿಲಿಗೆ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು. ಅವಳು ದೂರದಿಂದಲೇ ಕೀಬಲ್‌ನಿಗೆ ತಲೆಯಾಡಿಸಿದಳು, ನೆಂಟನಿಗೆ ಆಡಿಸುವ ಹಾಗೆ.

ಕ್ರಿಸ್ಪ್ ಬಟ್ಟೆ ಸರಿಸಿದ. ಕೀಬಲ್ ಮೊದಲು ನೋಡಿದ್ದು ಮರಗಳನ್ನಲ್ಲ. ಕಾಗದ ಎಷ್ಟು ಹಳದಿಯಾಗಿದೆ, ಆಕಾಶಕ್ಕೆ ಬಿಟ್ಟ ಬಿಳಿ ಹೇಗೆ ಕೆನೆಗಟ್ಟಿದೆ ಎನ್ನುವುದನ್ನು. ಆ ಮುದಿ ಹಳದಿ ಚಿತ್ರಕ್ಕೆ ಒಪ್ಪಿತ್ತು. ಚೆನ್ನಾಗಿದೆ, ಎಂದುಕೊಂಡ, ಎಂದುಕೊಂಡದ್ದು ತಿಳಿದು ಅವನ ಕಿವಿ ಬಿಸಿಯಾಯಿತು.

"ಬಾಮ್ಮ," ಎಂದರು ಅಧಿಕಾರಿ. "ನಿಮ್ಮ ಮನೆ ಎಲ್ಲಿದೆ, ತೋರಿಸು."

ಟ್ಯಾಬಿತಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹತ್ತಿರ ಬಂದಳು. "ಇದು ಹಳ್ಳ. ಇದು ವಿಲೋ. ಅಯ್ಯೋ, ನೋಡೋ ಈನಕ್, ಹ್ಯಾಗಿದೆ ಅಂತ, ಕುರಿ ಉಣ್ಣೆ ಎಣಿಸ್ಬೋದು!" ಗೋಡೆಯ ಕಡೆಯಿಂದ ಯಾರೋ ನಕ್ಕರು. ಅವಳ ಬೆರಳು ಗಾಜನ್ನು ಮುಟ್ಟದೆ, ಒಂದಂಗುಲ ಮೇಲೆ, ಕುರಿಗಳಿಂದ ಹೊರಟು ತಾನು ದಿನಾ ನಡೆಯುವ ಕಾಲುದಾರಿಯಲ್ಲೇ ಹೋಗುವಂತೆ ನಿಧಾನವಾಗಿ ಹೋಯಿತು, ನಡುವೆ ಬಂದು ನಿಂತಿತು. "ಇಲ್ಲಿ," ಎಂದಳು. ಇನ್ನಷ್ಟು ಬಗ್ಗಿದಳು. ಆಮೇಲೆ ಅವಳು ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿದಳು, ಮತ್ತೆ ಎಡಕ್ಕೆ. ಮರಗಳ ಹಿಂದೆ ಏನಿದೆ ಎಂದು ಬಗ್ಗಿ ನೋಡುವವಳ ಹಾಗೆ. ಕೋಣೆಯಲ್ಲಿ ಯಾರೂ ನಗಲಿಲ್ಲ. "ಹಿಂದೆ ಇರ್ಬೇಕು," ಎಂದಳು. ತಿರುಗಿ ಕೀಬಲ್‌ನನ್ನು ನೋಡಿದಳು. "ಮರದ ಹಿಂದೆ ಇದೆ ಅಲ್ವಾ ಸಾಹೇಬ್ರೇ?"

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಸಿದ್ಧಮಾಡಿಕೊಂಡಿದ್ದ, ಆದರೆ ಬಾಯಿಗೆ ಬಂದದ್ದು ಅದರ ಕೊನೆಯ ವಾಕ್ಯ. "ಅಲ್ಲಿ ಮರಾನೇ ಇರಲಿಲ್ಲ," ಎಂದ. ಮತ್ತೆ ಮೊದಲಿನಿಂದ ಹೇಳಿದ: ಮನೆ ಇತ್ತು, ಕಣ್ಣಾರೆ ಕಂಡಿದ್ದೆ, ಚಿತ್ರಕ್ಕೆ ಒಗ್ಗಲಿಲ್ಲ, ಬೇರೆ ಊರಿನ ಮರ ತಂದು ಮುಚ್ಚಿದೆ. ಹೇಳಿ ಮುಗಿದಾಗ ಮೈ ಹಗುರಾಯಿತು. ಇಷ್ಟು ಸುಲಭವಿತ್ತೇ ಎನ್ನಿಸಿತು. ಡೋರ್ಕಸ್‌ಳಿಗೆ ಹೇಗೆ ಹೇಳುವುದು ಎಂದು ಆಗಲೇ ಯೋಚಿಸತೊಡಗಿದ್ದ.

ಅಧಿಕಾರಿ ಮೂಗು ಒರೆಸಿಕೊಂಡು ಕ್ಷಮೆ ಕೇಳಿದರು. "ಕೀಬಲ್ ಅವರೇ, ಇಲ್ಲಿ ಕೆಳಗೆ 'ಸ್ಥಳದಲ್ಲೇ ನೋಡಿ ಬರೆದದ್ದು' ಅಂತಿದೆ. ನಿಮ್ಮ ಅಕ್ಷರವೇ?"

"ನನ್ನದೇ."

"ನಿಮ್ಮ ಕೆಲಸದ ಬಗ್ಗೆ ಲಂಡನ್ನಿನಲ್ಲೂ ಕೇಳಿದ್ದೇನೆ. ಕಂಡದ್ದರ ಮೇಲೆ ಒಂದು ಎಲೆ ಹೆಚ್ಚಿಗೆ ಹಾಕುವವರಲ್ಲ ಅಂತ."

"ಅದು... ಹಾಗೆ ಹೇಳಿಕೊಂಡು ಬಂದೆ."

"ಹೇಳಿಕೊಂಡು ಬಂದಿರಿ," ಎಂದು ಅವರು ಬರೆದುಕೊಂಡರು. ದನಿಯಲ್ಲಿ ಕೊಂಕಿರಲಿಲ್ಲ. ಬಡ ವಿಧವೆಯ ಮೇಲೆ ಕನಿಕರಪಟ್ಟು ಒಬ್ಬ ಮುದುಕ ತನ್ನ ಹೆಸರನ್ನೇ ಒತ್ತೆಯಿಡುತ್ತಿದ್ದಾನೆ ಎಂದು ಅವರು ತಿಳಿದಿದ್ದರು. ಅದು ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಅದಕ್ಕಾಗಿ ಅವನನ್ನು ಮೆಚ್ಚಿಕೊಂಡಂತೆಯೂ ಇತ್ತು.

ಆಗ ಕ್ರಿಸ್ಪ್ ಮಾತಾಡಿದ. "ಆ ಮರಗಳು ನಂಗೆ ನೆನಪಿವೆ, ಸಾರ್. ಆಗ ನಂಗೆ ಎಂಟೊಂಬತ್ತು ವರ್ಷ. ಬಲಗಡೇದರ ಮೇಲೆ ಹತ್ತಿದೀನಿ. ಕೆಳಗಿನ ಕೊಂಬೆ ಹೀಗೆ ಬಾಗಿತ್ತು, ಹಿಡಿಯೋಕೆ ಸುಲಭ." ಅವನ ಕೈ ಗಾಳಿಯಲ್ಲಿ ಆ ಬಾಗನ್ನು ಬರೆಯಿತು. ಕೀಬಲ್ ಅವನ ಮುಖವನ್ನೇ ನೋಡಿದ. ಅದರಲ್ಲಿ ಮೋಸದ ಒಂದು ಗೆರೆಯೂ ಇರಲಿಲ್ಲ. ಕ್ರಿಸ್ಪ್‌ನ ತಂದೆಯೂ ಹಾಲ್‌ನ ಮೇನೇಜರ್ ಆಗಿದ್ದವನು. ಹುಡುಗನಾಗಿದ್ದಾಗಿನಿಂದ ಆ ಊಟದ ಕೋಣೆಯಲ್ಲಿ ಅವನು ಆ ಚಿತ್ರವನ್ನು ಎಷ್ಟು ಸಲ ನೋಡಿರಬೇಕು, ಆ ಕೊಂಬೆಯ ಮೇಲೆ ಎಷ್ಟು ಸಲ ಕಣ್ಣಿನಿಂದ ಹತ್ತಿರಬೇಕು. ತಾನು ಬರೆದ ಕೊಂಬೆ ಇನ್ನೊಬ್ಬನ ಬಾಲ್ಯದೊಳಗೆ ಬೇರು ಬಿಟ್ಟಿತ್ತು. ಅದನ್ನು ಯಾವ ಮಾತಿನಿಂದ ಕಡಿಯುವುದು?

"ಅಲ್ಲಯ್ಯ, ಮರ ಇದ್ದಿದ್ರೆ ಅದರ ಬುಡ ಎಲ್ಲಿ ಹೋಯ್ತು?" ಎಂದು ಕೀಬಲ್ ಕೂಗಿದ. "ಎಲ್ಮ್ ಕಡಿದ್ರೂ ಬೇರಿಂದ ಚಿಗುರತ್ತೆ. ಹೋಗಿ ನೋಡಿ, ಒಂದು ಚಿಗುರಿದ್ರೆ ತೋರಿಸಿ!"

"ಬುಡದ ಮೇಲೆ ಈಗ ಮನೆ ಇದೆಯಲ್ಲ, ಕೀಬಲ್ ಅವರೇ," ಎಂದ ಕ್ರಿಸ್ಪ್ ಮೃದುವಾಗಿ. ಹೊಸದೇನೋ ಹೊಳೆದವನ ಹಾಗೆ ಈನಕ್‌ನ ಕಡೆ ತಿರುಗಿದ. "ನಿಮ್ಮನೆ ತೊಲೆ ಯಾವ ಮರದ್ದೋ?"

"ಎಲ್ಮು," ಎಂದ ಈನಕ್. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದ ಸಂತೋಷ ಅವನ ಮುಖದಲ್ಲಿತ್ತು. "ತೊಲೆ, ಬಾಗಿಲು, ನೆಲದ ಹಲಗೆ ಎಲ್ಲಾ ಎಲ್ಮೇ. ನಮ್ಮಪ್ಪ ಒಳ್ಳೇ ಮರಾನೇ ಹಾಕಿದಾನೆ."

ಅಧಿಕಾರಿಯ ಲೇಖನಿ ನಿಂತಿತು.

"ಎಲ್ಲಿಂದ ತಂದ?" ಎಂದು ಅವರು ಕೇಳಿದರು. ಗಾಡಿ ಮಾಡುವ ಬಡಗಿಯ ಹತ್ತಿರ ಕೊಂಡದ್ದು ಎಂದಳು ಟ್ಯಾಬಿತಾ; ಆ ಬಡಗಿಯೂ ಸತ್ತಿದ್ದ. ಅವಳ ದನಿ ಮೊದಲ ಸಲ ಸಣ್ಣದಾಯಿತು. ಕೋಣೆಯಲ್ಲಿ ಎಲ್ಲರೂ ಚಿತ್ರದ ಕಡೆ ನೋಡುತ್ತಿದ್ದರು, ಗೋಡೆಗೆ ಆತು ನಿಂತ ಗೋಮಾಳದವರೂ. ಅವರಲ್ಲಿ ಒಬ್ಬ ಮುದುಕ, "ಮರ ಇದ್ವೇನೋಪ್ಪ. ಏನೋ ನೆರಳು ಇದ್ದ ಹಾಗೆ ನೆನಪು," ಎಂದು ಪಕ್ಕದವನಿಗೆ ಪಿಸುಗುಟ್ಟಿದ್ದು ಕೀಬಲ್‌ನಿಗೆ ಕೇಳಿಸಿತು. ಕಾನೂನಿನ ಪ್ರಕಾರ ಗೋಮಾಳದ ಮರ ಹಾಲ್‌ಗೆ ಸೇರಿದ್ದು. ಮನೆ ಇಪ್ಪತ್ತು ವರ್ಷದ ಈಚಿನದು ಎನ್ನುವುದಷ್ಟೇ ಅಲ್ಲದೆ, ಅದನ್ನು ಕದ್ದ ಮರದಿಂದ ಕಟ್ಟಿದ್ದು ಎಂದೂ ಆಗಿತ್ತು. ಸರ್ ಲಯನೆಲ್ ಅವರು ಸತ್ತವನ ಮೇಲೆ ದೂರು ಕೊಡುವವರಲ್ಲ ಎಂದು ಕ್ರಿಸ್ಪ್ ಧಾರಾಳವಾಗಿ ಹೇಳಿದ. ಅದನ್ನೂ ಅಧಿಕಾರಿ ಬರೆದುಕೊಂಡರು.

ಮೆಟ್ಟಿಲು ಇಳಿಯುವಾಗ ಕೀಬಲ್ ಅವಳ ಹಿಂದೆ ಓಡಿದ. ಬೀದಿಯಲ್ಲಿ ಮಂಜು ಕರಗಿ ಬಿಸಿಲು ಬಂದಿತ್ತು. ಬೇಕರಿಯ ಮುಂದೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಟ್ಯಾಬಿತಾ ಟೋಪಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಬೇಗ ಬೇಗ ನಡೆಯುತ್ತಿದ್ದಳು. ಈನಕ್ ನಾಲ್ಕು ಹೆಜ್ಜೆ ಹಿಂದೆ, ತಾನು ಏನು ತಪ್ಪು ಹೇಳಿದೆ ಎಂದು ತಿಳಿಯದವನ ಹಾಗೆ.

"ನಾನು ಲಂಡನ್ನಿಗೆ ಬರೀತೀನಿ," ಎಂದ ಕೀಬಲ್ ಏದುತ್ತ. "ಬ್ರಾಂಟ್ಲಿಯಿಂದ ಪಾದ್ರಿಗಳನ್ನ ಕರೆಸ್ತೀನಿ. ಆ ಮರಗಳು ಅಲ್ಲೇ ಇವೆ ಇನ್ನೂ. ಚಿತ್ರದ ಪಕ್ಕ ಇಟ್ಟು ತೋರಿಸ್ತೀನಿ, ಮತ್ತೆ ಹೇಳ್ತೀನಿ—"

ಅವಳು ನಿಂತಳು. ಸಿಟ್ಟಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವನ ಮುಖವನ್ನು ನೋಡಿದಳು, ಮುಂಚೆ ಚಿತ್ರವನ್ನು ನೋಡಿದ ಹಾಗೇ.

"ಬೇಡ ಸಾಹೇಬ್ರೇ. ನೀವು ಸುಮ್ಮನಿದ್ದಾಗ ನಮ್ಮನೆ ಹೋಯ್ತು. ಬಾಯಿ ಬಿಟ್ರಿ, ನನ್ನ ಗಂಡ ಕಳ್ಳ ಆದ. ಇನ್ನೊಂದು ಸಲ ಹೇಳಿದ್ರೆ ಏನ್ ಹೋಗತ್ತೋ ನಂಗೆ ಗೊತ್ತಿಲ್ಲ."

ಅವನು ಲಂಡನ್ನಿಗೆ ಬರೆದ. ಮೂರು ಕಾಗದ ಬರೆದ, ಬ್ರಾಂಟ್ಲಿಯ ಮರಗಳ ಹೊಸ ಚಿತ್ರವನ್ನೂ ಜೊತೆಗಿಟ್ಟ. ಉತ್ತರ ಒಂದೇ ಬಂತು: ಚಿತ್ರ ಬಹಳ ಸೊಗಸಾಗಿದೆ, ಆದರೆ ಒಂದೇ ಕೈ ಬರೆದ ಎಲ್ಮ್ ಮರಗಳು ಒಂದನ್ನೊಂದು ಹೋಲುವುದು ಸಹಜ. ಡೋರ್ಕಸ್ ಅದನ್ನು ಓದಿ, ಮಡಿಸಿ, ಅವನ ತಟ್ಟೆಯ ಕೆಳಗೆ ಇಟ್ಟಳು. ಗೋಮಾಳದ ಕಡೆಗೆ ಹೋಗುವುದನ್ನು ಅವನು ಬಿಟ್ಟಿದ್ದ. ಅವನ ಹತ್ತಿರ ಚಿತ್ರಪಾಠಕ್ಕೆ ಬರುವ ಹುಡುಗಿಯರು ಮರ ಬರೆಯುವಾಗ ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದ. ಮನೆ ಕೆಡವಿದ ದಿನ ಧೂಳು ಹಳ್ಳದವರೆಗೂ ಬಂದಿತ್ತಂತೆ. ಟ್ಯಾಬಿತಾ ತಮ್ಮನ ಮನೆಯ ಹಿಂದಿನ ಇಳಿಸೂರಿನಲ್ಲಿ ಇದ್ದಾಳಂತೆ. ಎಲ್ಲವೂ 'ಅಂತೆ'ಯಾಗಿ, ಡೋರ್ಕಸ್‌ಳ ಬಾಯಿಂದ, ಉಪ್ಪಿನ ಡಬ್ಬಿ ಕೊಡುವಾಗ ಬರುತ್ತಿತ್ತು.

ಫೆಬ್ರವರಿಯಲ್ಲಿ ಕ್ರಿಸ್ಪ್‌ನ ಚೀಟಿ ಬಂತು: ಸ್ವಲ್ಪ ಗೋಮಾಳಕ್ಕೆ ಬಂದು ಹೋದರೆ ಉಪಕಾರವಾಗುತ್ತದೆ. ಹೋಗಬಾರದೆಂದುಕೊಂಡ. ಚೀಟಿ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಮೂರನೆಯ ದಿನ ಡೋರ್ಕಸ್ ಅವನ ಬೂಟುಗಳನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಳು. ಹೋದ.

ಮುಳ್ಳುಬೇಲಿಯ ಎಳೆ ಗಿಡಗಳು ಎರಡೂ ಕಡೆ ಸಾಲಾಗಿ ನಿಂತಿದ್ದವು. ನಡುವೆ ಬಯಲು ಖಾಲಿ. ಅಷ್ಟು ಖಾಲಿಯಾದ ಬಯಲನ್ನು ಅವನು ಎಂದೂ ಕಂಡಿರಲಿಲ್ಲ, ಕಾಗದದ ಮೇಲೂ ಸಹ. ಗೋಣಿ ಸುತ್ತಿದ ಬೇರುಗಳ ಮೂರು ಎಲ್ಮ್ ಸಸಿಗಳು ನೆಲದ ಮೇಲೆ ಮಲಗಿದ್ದವು, ಆಳೆತ್ತರದವು. ಕ್ರಿಸ್ಪ್ ಕುದುರೆ ಹಿಡಿದು ನಿಂತಿದ್ದ. "ಸರ್ ಲಯನೆಲ್ ಅವರಿಗೆ ಚಿತ್ರದಲ್ಲಿದ್ದ ಹಾಗೇ ಬೇಕಂತೆ," ಎಂದ. "ಮಳೆ ಬರೋ ಹಾಗಿದೆ, ಚಿತ್ರ ಹೊರಗೆ ತರೋಕೆ ಧೈರ್ಯ ಆಗ್ಲಿಲ್ಲ. ನೀವು ಅವತ್ತು ಕೂತಿದ್ದ ಜಾಗದಲ್ಲಿ ನಿಂತು ಹೇಳಿದ್ರೆ ಸಾಕು, ಇವನು ಗೂಟ ಹೊಡೀತಾನೆ." ಹೇಳಿ, ಕೀಬಲ್ ಬಾಯಿ ತೆರೆಯುವ ಮೊದಲೇ ಕುದುರೆ ಹತ್ತಿ ಬೇಲಿ ನೋಡಲು ಹೋದ.

ಗೂಟ ಹಿಡಿದವನು ಈನಕ್. ಅವನು ಟೋಪಿ ಮುಟ್ಟಿ ನಮಸ್ಕರಿಸಿದ, ಹಿಂದೆ ಯಾವತ್ತೂ ಮಾಡುತ್ತಿದ್ದ ಹಾಗೆಯೇ. ತಾಯಿ ಹೇಗಿದ್ದಾಳೆಂದು ಕೇಳಬೇಕು ಎಂದು ಕೀಬಲ್‌ನಿಗೆ ಅನ್ನಿಸಿತು. "ಈ ಕೆಲಸ ನೀನ್ಯಾಕೆ ಒಪ್ಕೊಂಡೆ?" ಎಂದು ಕೇಳಿದ.

"ಚಳಿಗಾಲದಲ್ಲಿ ಕೆಲಸ ಎಲ್ಲಿದೆ ಸಾಹೇಬ್ರೇ," ಎಂದ ಈನಕ್. ಗೂಟವನ್ನು ನೆಲಕ್ಕೆ ಊರಿದ. "ಇಲ್ಲಾದ್ರೆ ಚೆನ್ನಾಗಿ ಬರತ್ತೆ. ಒಲೆ ಇದ್ದಿದ್ದು ಇಲ್ಲೇ. ಬೂದಿ ಇಳಿದು ಇಳಿದು ಮಣ್ಣು ಮೆತ್ತಗಿದೆ." ಬೂಟಿನ ತುದಿಯಿಂದ ಕೆದಕಿ ತೋರಿಸಿದ. ಕಪ್ಪು ಮಣ್ಣು.

ಹೊರಟುಹೋಗಬೇಕು, ಎಂದುಕೊಂಡ ಕೀಬಲ್. ಹಾಲ್‌ಗೆ ಹೋಗಿ ಆ ಚಿತ್ರವನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಬೇಕು. ಈ ಹುಡುಗನ ಕಾಲು ಹಿಡಿಯಬೇಕು. ಹೀಗೆ ಒಂದೊಂದಾಗಿ ಎಂದುಕೊಳ್ಳುತ್ತಿದ್ದಾಗಲೇ ಅವನ ಕಾಲುಗಳು ಅವನನ್ನು ಅಂದಿನ ದಿಬ್ಬದ ಮೇಲೆ ತಂದು ನಿಲ್ಲಿಸಿದ್ದವು. ಅಲ್ಲಿ ನಿಂತ ಕೂಡಲೇ ಅವನ ಕಣ್ಣು, ನಲವತ್ತು ವರ್ಷದ ರೂಢಿಯಂತೆ, ತಾನಾಗಿಯೇ ಅರ್ಧ ಮುಚ್ಚಿತು. ವಿಲೋ, ಹಳ್ಳ, ಗೋಪುರ. ನಡುವೆ ಈನಕ್, ಗೂಟ ಹಿಡಿದು ನೆಟ್ಟಗೆ. ಕಣ್ಣು ಹಳ್ಳದಿಂದ ಹೊರಟು ಅವನವರೆಗೆ ಹೋಗಿ, ಅಲ್ಲಿ ಎಡವಿ, ಗೋಪುರವನ್ನು ಮುಟ್ಟದೆ ಹಿಂದಿರುಗಿತು.

"ಇನ್ನೂ ಸ್ವಲ್ಪ ಎಡಕ್ಕೆ," ಎಂಬ ದನಿ ಕೇಳಿಸಿತು. ಅದು ತನ್ನದೆಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು.

ಈನಕ್ ಗೂಟ ಕಿತ್ತ. ಎದುರುಬದುರು ನಿಂತಿದ್ದರಿಂದ ಅವನಿಗೆ ಅನುಮಾನವಾಯಿತು. "ನಿಮ್ಮ ಎಡಕ್ಕಾ ಸಾಹೇಬ್ರೇ, ನಮ್ಮ ಎಡಕ್ಕಾ?" ಎಂದು ಕೂಗಿ ಕೇಳಿದ.

ಮೊದಲ ಹನಿ ಕೀಬಲ್‌ನ ಕೈಮೇಲೆ ಬಿತ್ತು.

"ನನ್ನ ಎಡಕ್ಕೆ," ಎಂದ.